ಗಂಡು ಪಾತ್ರವಿಲ್ಲದ ನಾಟಕದ ಕಾರ್ಡು

ಕಳೆದ ವಾರ ಅಮ್ಮ ಅಟ್ಟದಿಂದ ಇಳಿದು ಬಂದವರು ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆ ನಿಂತರು. ಅಟ್ಟದಲ್ಲಿ ಎರಡು ಭರಣಿ, ಒಂದು ಡಬ್ಬ ಇವೆ. ಒಂದು ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಇನ್ನೊಂದರಲ್ಲಿ ಉಪ್ಪುನೀರಿಗೆ ಹಾಕಿದ ಮಾವಿನಕಾಯಿ, ಡಬ್ಬದಲ್ಲಿ ಮಾಂಬಳ, ಅಂದರೆ ಹಣ್ಣಿನ ರಸವನ್ನು ಚಾಪೆಯ ಮೇಲೆ ಬಿಸಿಲಿಗೆ ಒಣಗಿಸಿ ಮಾಡಿದ ಸಿಹಿ ಹಾಳೆ. ಮೂರಕ್ಕೂ ಚೀಟಿ ಬರೆದು ಅಂಟಿಸಿದವಳು ನಾನು. ಮೂರರ ಮೇಲೂ ದುಂಡಗಿನ ಅಕ್ಷರದಲ್ಲಿ “ಮಾವು” ಎಂದಿದೆ.

“ಮಾವು ಅಂತ ನನಗೆ ಗೊತ್ತುಂಟು ಮಾರಾಯ್ತಿ,” ಎಂದರು ಅಮ್ಮ. “ಮರಕ್ಕೆ ಜನ ಹತ್ತಿಸಿ ಕೊಯ್ಯಿಸಿದ್ದು ನಾನೇ ಅಲ್ಲವಾ? ಅದು ಈಗ ಎಂತ ಆಗಿ ಕೂತಿದೆ ಅಂತ ಬರಿ.”

ನಾನು ಚೀಟಿ ಬದಲಾಯಿಸಿದೆ. ಇದೇ ಪಾಠವನ್ನು ಬಂಟ್ವಾಳ ಪೇಟೆಯ ಜನ ಕೆಲವು ವರ್ಷಗಳ ಹಿಂದೆ, ನಾನು ಅಲ್ಲಿಯ ಲೈಬ್ರೆರಿ ನೋಡಿಕೊಳ್ಳುತ್ತಿದ್ದಾಗ, ನನಗೆ ಕಲಿಸಿದ್ದರು. ಲೈಬ್ರೆರಿಯಲ್ಲಿ ಕಲಿತದ್ದು ಮನೆಯ ಅಟ್ಟ ಹತ್ತಲು ಇಷ್ಟು ಕಾಲ ಬೇಕಾಯಿತೇ ಎಂದು ನೀವು ನಗಬಹುದು. ನಗಿ, ಅಮ್ಮನೂ ನಕ್ಕರು.

ಆ ಲೈಬ್ರೆರಿ ಇದ್ದದ್ದು ಎಣ್ಣೆ ಅಂಗಡಿಯೊಂದರ ಮಾಳಿಗೆಯಲ್ಲಿ. ಕೆಳಗಿನಿಂದ ಕೊಬ್ಬರಿಯ ವಾಸನೆ ಮರದ ಮೆಟ್ಟಿಲು ಹತ್ತಿ ಬರುತ್ತಿತ್ತು. ನಮ್ಮಲ್ಲಿ ಓದಿದ ಪುಸ್ತಕವನ್ನು ಕಣ್ಣುಮುಚ್ಚಿ ಮೂಸಿದರೂ ಅದು ಬಂಟ್ವಾಳದ್ದೆಂದು ಹೇಳಬಹುದಿತ್ತು. ಮೇಲೆ ಉದ್ದನೆಯ ಒಂದು ಮೇಜು, ಕೆಲವು ಬೆಂಚು, ಗಾಜಿನ ಬಾಗಿಲಿನ ಮೂರು ಕಪಾಟು. ಒಂದು ವಕೀಲರು ಕೊಟ್ಟದ್ದು, ಒಂದು ಅಕ್ಕಿ ಸಾಹುಕಾರರು ಕೊಟ್ಟದ್ದು, ಮತ್ತೊಂದು ಡಾಕ್ಟರರು ಕೊಟ್ಟದ್ದು. ಮೂವರೂ ಪುಸ್ತಕ ಕೊಡುವಾಗ ಒಂದೇ ಷರತ್ತು ಹಾಕಿದ್ದರು: ತಮ್ಮ ಪುಸ್ತಕ ಇನ್ನೊಬ್ಬರ ಪುಸ್ತಕದ ಜೊತೆ ಬೆರೆಯಬಾರದು. ಕಪಾಟಿನ ನೆತ್ತಿಯ ಮೇಲೆ ಅವರವರ ಹೆಸರು ಬಿಳಿ ಬಣ್ಣದಲ್ಲಿ ಇತ್ತು. ವಕೀಲರ ಅಳಿಯ ಆಗಾಗ ಮೆಟ್ಟಿಲು ಹತ್ತಿ ಬಂದು, ಗಾಜಿನಾಚೆಯಿಂದ ಕಣ್ಣಾಡಿಸಿ, ಸಾಹುಕಾರರ ಕಾದಂಬರಿ ಯಾವುದಾದರೂ ತಮ್ಮ ಕಪಾಟಿನೊಳಗೆ ನುಸುಳಿದೆಯೇ ಎಂದು ನೋಡಿ ಹೋಗುತ್ತಿದ್ದರು. ಹೀಗಾಗಿ ಒಂದೇ ಜಾತಿಯ ಪುಸ್ತಕಗಳು ನಮ್ಮಲ್ಲಿ ಮೂರು ಮನೆಗೆ ಪಾಲಾದ ಅಣ್ಣತಮ್ಮಂದಿರ ಹಾಗೆ, ಒಂದರ ಮುಖ ಒಂದು ನೋಡದೆ ಇರುತ್ತಿದ್ದವು.

ಅವನ್ನು ಒಟ್ಟುಗೂಡಿಸಬಹುದಾದ ಜಾಗ ಒಂದೇ, ನನ್ನ ಕಾರ್ಡಿನ ಪೆಟ್ಟಿಗೆ. ನಾನು ಮದರಾಸಿನಲ್ಲಿ ಈ ವಿದ್ಯೆ ಕಲಿತು ಬಂದವಳು. ಅಲ್ಲಿ ನಮ್ಮ ಮೇಷ್ಟ್ರು ಹೇಳಿಕೊಟ್ಟದ್ದು ಇಷ್ಟೇ: ಪುಸ್ತಕ ಕೈಗೆ ಬಂದಾಗ ಒಂದೇ ಪ್ರಶ್ನೆ ಕೇಳಬೇಕು, ಇದು ಯಾವುದರ ಬಗ್ಗೆ? ಉತ್ತರ ಏನೋ ಅದನ್ನು ಕಾರ್ಡಿನ ತಲೆಯ ಮೇಲೆ ಬರೆಯಬೇಕು. ಕಥೆ, ಕಾದಂಬರಿ, ನಾಟಕ ಯಾವುದರ ಬಗ್ಗೆಯೂ ಅಲ್ಲ, ಅವು ಬರಿಯ ಕಲ್ಪನೆ, ಆದ್ದರಿಂದ ಅವಕ್ಕೆ ಬರೆದವರ ಹೆಸರು ಮತ್ತು ಪುಸ್ತಕದ ಹೆಸರು ಸಾಕು. ಈ ನಿಯಮವನ್ನು ನಾನು ವ್ರತದ ಹಾಗೆ ಪಾಲಿಸಿದೆ. ಕಾರ್ಡುಗಳೆಲ್ಲ ಒಂದೇ ಶಾಯಿ, ಒಂದೇ ಓರೆ, ಒಂದೇ ಅಂಚು. ಬಿಡುವಾದಾಗ ಪೆಟ್ಟಿಗೆಯ ಸೆಳೆಖಾನೆ ಎಳೆದು ಸುಮ್ಮನೆ ನೋಡುತ್ತಿದ್ದೆ. ಕೆಲವರು ತಮ್ಮ ಒಡವೆ ನೋಡುತ್ತಾರಲ್ಲ, ಹಾಗೆ.

ಒಣಮೀನಿನ ವ್ಯಾಪಾರದ ಹಸನಬ್ಬ ಸಾಹೇಬರು ಆ ಪೆಟ್ಟಿಗೆಗೆ ಮೊದಲ ಪೆಟ್ಟು ಕೊಟ್ಟವರು. “ಒಳ್ಳೆ ಕೊಲೆ ಇರುವ ಪುಸ್ತಕ ಒಂದು ಕೊಡಿ ಟೀಚರೇ,” ಎಂದರು. ಓದಿದ ಹೆಂಗಸನ್ನೆಲ್ಲ ನಮ್ಮೂರಿನಲ್ಲಿ ಟೀಚರ್ ಎಂದೇ ಕರೆಯುವುದು. ನಾನು ಸೆಳೆಖಾನೆ ಎಳೆದು “ಕೊಲೆ” ಎಂಬ ತಲೆಬರಹದ ಕಾರ್ಡನ್ನು ಹುಡುಕಿ, ವಕೀಲರ ಕಪಾಟಿನಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದು ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಗೌರವದಿಂದ ಮೆಟ್ಟಿಲು ಇಳಿದರು. ವಾರ ಕಳೆದು ಬಂದಾಗ ಮುಖ ಬಾಡಿತ್ತು.

“ಕೊಲೆ ಮಾಡಿದರೆ ಎಂತ ಆಗ್ತದೆ ಅಂತ ಇದರಲ್ಲಿ ಚೆನ್ನಾಗಿ ಉಂಟು. ಮಾಡಿದ್ದು ಯಾರು ಅಂತ ಮಾತ್ರ ಹೇಳುವುದೇ ಇಲ್ಲ. ಕೊನೆಯ ಪುಟವನ್ನೂ ನೋಡಿದೆ.”

“ಅಕ್ಕ ನಿಮಗೆ ಬುದ್ಧಿ ಬರಲಿ ಅಂತ ಕೊಟ್ಟದ್ದು ಸಾಹೇಬ್ರೇ,” ಎಂದ ಸಂಜೀವಣ್ಣ. ಸಂಜೀವಣ್ಣ ನಮ್ಮ ಲೈಬ್ರೆರಿಯ ಕಪಾಟುಗಳ ಬೀಗದ ಕೈ ಇಟ್ಟುಕೊಂಡು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುವವನು. ಪ್ರಾಯದಲ್ಲಿ ನನಗಿಂತ ಎಷ್ಟೋ ದೊಡ್ಡವನಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದ. ಪುಸ್ತಕ ಓದುವವನಲ್ಲ. ಓದಿದರೆ ಕಣ್ಣು ಹಾಳಾಗುತ್ತದೆ ಎಂದು ಕನ್ನಡಕ ಹಾಕಿದ ನನ್ನನ್ನೇ ಸಾಕ್ಷಿ ತೋರಿಸುತ್ತಿದ್ದ.

ಸಾಹುಕಾರರ ಕಪಾಟಿನಲ್ಲಿ ಕೊಲೆಗಳು ಬೇಕಾದಷ್ಟು ಇದ್ದವು. ಆದರೆ ಅವು ಪತ್ತೇದಾರಿ ಕಾದಂಬರಿ ಎಂದು ನನ್ನ ಪೆಟ್ಟಿಗೆಯ ಯಾವ ಕಾರ್ಡೂ ಹೇಳುತ್ತಿರಲಿಲ್ಲ. ಅವು ಕಲ್ಪನೆ. ಯಾವುದರ ಬಗ್ಗೆಯೂ ಅಲ್ಲ.

ನಿಜ ಹೇಳಬೇಕೆಂದರೆ ಸಣ್ಣವಳಿದ್ದಾಗ ನನಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯಲ್ಲಿ ಮಕ್ಕಳು ಪುಸ್ತಕಗಳನ್ನು ಅಮ್ಮನ ಮೇಲಿನ ಪರಿಣಾಮದಿಂದ ಗುರುತಿಸುತ್ತಿದ್ದೆವು. ಅಮ್ಮ ಅಳುವ ಪುಸ್ತಕ, ಅಮ್ಮ ನಿದ್ದೆ ಹೋಗುವ ಪುಸ್ತಕ, ಅಮ್ಮ ಸಾರು ಉಕ್ಕಿಸುವ ಪುಸ್ತಕ. ಮೂರನೆಯ ಜಾತಿಯದ್ದು ಮನೆಗೆ ಬಂದ ದಿನ ನಾವು ಬೇಗ ಉಣ್ಣಲು ಕೂರುತ್ತಿದ್ದೆವು. ಮೂಡುಬಿದಿರೆಯ ದೊಡ್ಡಪ್ಪನ ಮನೆಯಲ್ಲಿ ವಿಂಗಡಣೆ ಇನ್ನೂ ಸರಳ. ಸ್ನಾನ ಮಾಡಿ ಮುಟ್ಟುವ ಪುಸ್ತಕ ಮೇಲಿನ ಹಲಗೆ, ಹಾಗೇ ಮುಟ್ಟುವ ಪುಸ್ತಕ ಕೆಳಗಿನ ಹಲಗೆ. ದೊಡ್ಡಪ್ಪನ ಯಕ್ಷಗಾನದ ಆಟದ ಪ್ರಸಂಗದ ಪುಸ್ತಕಗಳು ಕೆಳಗಿದ್ದವು. ಅದೇ ರಾಮ, ಅದೇ ರಾವಣ, ಆದರೆ ಮೇಲೆ ಮಡಿಯಲ್ಲಿ, ಕೆಳಗೆ ಚಂಡೆಯೊಡನೆ. ಯಾವುದರ ಬಗ್ಗೆ ಎಂದು ಆ ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಮದುವೆಗೆ ಹೆಣ್ಣು ನೋಡುವವರೂ ಹಾಗೆಯೇ. ಹುಡುಗಿ ಏನು ಓದಿದ್ದಾಳೆ ಎಂದು ಬಾಯಿಮಾತಿಗೆ ಕೇಳಿ, ಹುಡುಗಿ ಎಂಥವಳು ಎಂದು ನೆರೆಮನೆಯಲ್ಲಿ ವಿಚಾರಿಸುತ್ತಾರೆ. ನೆರೆಮನೆಯವರು ನನ್ನನ್ನು ಯಾವ ತಲೆಬರಹದ ಕೆಳಗೆ ಹಾಕಿದರೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಹಸನಬ್ಬ ಸಾಹೇಬರಿಗೆ ಸಾಹುಕಾರರ ಕಪಾಟಿನ ಕೊಲೆಗಳನ್ನು ಕಾರ್ಡಿಲ್ಲದೆ ಬಾಯಿಮಾತಿನಲ್ಲೇ ಒದಗಿಸುವ ಏರ್ಪಾಡು ಮಾಡಿ ನಾನು ನನ್ನ ನಿಯಮವನ್ನು ಉಳಿಸಿಕೊಂಡೆ. ಅದನ್ನು ಮುರಿದವರು ಐರಿನ್ ಟೀಚರ್.

ಅವರು ಪುಂಜಾಲಕಟ್ಟೆಗೆ ಹೋಗುವ ದಾರಿಯಲ್ಲಿದ್ದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಲಿಸುತ್ತಿದ್ದರು. ಒಂದು ಶನಿವಾರ ಶಾಲೆ ಬಿಟ್ಟವರೇ ಬಸ್ಸು ಹಿಡಿದು ಬಂದು, ಮೇಜಿನ ಮೇಲೆ ಕೊಡೆ ಇಟ್ಟು, ನಾಟಕ ಬೇಕು ಎಂದರು.

“ಯಾವ ವಿಷಯದ್ದು?” ಎಂದೆ.

“ವಿಷಯ ಎಂತ ಬೇಕಾದರೂ ಆಗಲಿ. ಗಂಡಸರು ಇರಬಾರದು.”

ಸಂಜೀವಣ್ಣ ಸ್ಟೂಲಿನಿಂದ ಎದ್ದು ನಿಂತ.

“ನಿಮಗೆ ಹೇಳಿದ್ದಲ್ಲ ಮಾರಾಯ್ರೇ, ಕೂತ್ಕೊಳ್ಳಿ,” ಎಂದು ಐರಿನ್ ಟೀಚರ್ ನನಗೆ ಕಥೆ ಹೇಳಿದರು. ಹಿಂದಿನ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಹುಡುಗಿಯೊಬ್ಬಳಿಗೆ ಇದ್ದಿಲಿನ ಮೀಸೆ ಬರೆದು ರಾಜನ ವೇಷ ಹಾಕಿಸಿದ್ದರಂತೆ. ರಾಜ ಮಾತು ಶುರು ಮಾಡುವಷ್ಟರಲ್ಲಿ ಶಾಲೆಯ ಮ್ಯಾನೇಜರರು, ಊರಿನ ಹಿರಿಯ ಜಮೀನುದಾರರು, ಮುಂದಿನ ಸಾಲಿನಿಂದ ಎದ್ದು ರಂಗದ ಮೇಲೆ ಹೋಗಿ ತಮ್ಮ ಶಾಲಿನಿಂದಲೇ ಮೀಸೆ ಒರೆಸಿದರಂತೆ. ನಾಟಕ ಅಲ್ಲಿಗೇ ನಿಂತಿತು. ಹೆಣ್ಣುಮಕ್ಕಳು ಗಂಡಿನ ವೇಷ ಹಾಕುವ ನಾಟಕ ಇನ್ನು ಈ ಶಾಲೆಯಲ್ಲಿ ಇಲ್ಲ, ಗಂಡು ಪಾತ್ರವಿಲ್ಲದ ನಾಟಕ ಇದ್ದರೆ ಆಡಿ, ಇಲ್ಲದಿದ್ದರೆ ಭಾಷಣ ಮತ್ತು ಬಹುಮಾನ ಸಾಕು ಎಂದು ಅಪ್ಪಣೆಯಾಗಿತ್ತು.

“ಬರುವ ವರ್ಷ ನೋಡಬಹುದಲ್ಲ,” ಎಂದೆ.

“ನನಗೆ ಬರುವ ವರ್ಷ ಉಂಟು. ಎಂಟನೆಯ ಕ್ಲಾಸಿನವರಿಗೆ ಇಲ್ಲ,” ಎಂದರು ಐರಿನ್ ಟೀಚರ್. “ಪರೀಕ್ಷೆ ಮುಗಿದ ಮರುದಿನ ಅವರೆಲ್ಲ ಬೀಡಿ ಕಟ್ಟಲಿಕ್ಕೆ ಕೂರುವವರು. ಹೋದ ವರ್ಷ ನಿಂತದ್ದೂ ಅವರದ್ದೇ ನಾಟಕ. ಒಮ್ಮೆ ಪರದೆ ಮೇಲೆ ಹೋಗಿ ಸರಿಯಾಗಿ ಕೆಳಗೆ ಬರಲಿ ಅಂತ ನನಗೆ ಆಸೆ. ಮುಂದಿನ ಶನಿವಾರದೊಳಗೆ ಪುಸ್ತಕ ಸಿಕ್ಕದಿದ್ದರೆ ಬಾಯಿಪಾಠ ಮಾಡಿಸಲಿಕ್ಕೂ ಸಮಯ ಇಲ್ಲ.”

ನಾನು ಹೆಮ್ಮೆಯಿಂದ ಸೆಳೆಖಾನೆ ಎಳೆದೆ. “ನಾಟಕ” ಎಂಬ ತಲೆಬರಹದ ಕೆಳಗೆ ಒಂದು ಕಾರ್ಡು ಇತ್ತು. ಸಂಜೀವಣ್ಣ ಪುಸ್ತಕ ತಂದ. ಐರಿನ್ ಟೀಚರ್ ಅದನ್ನು ಹಿಂದೆಮುಂದೆ ತಿರುವಿದರು.

“ಇದರಲ್ಲಿ ನಾಟಕ ಎಲ್ಲಿ ಉಂಟು?”

“ಇದು ನಾಟಕದ ಬಗ್ಗೆ. ಅದರ ಲಕ್ಷಣ, ಚರಿತ್ರೆ.”

“ಬಗ್ಗೆ ಇಟ್ಟುಕೊಂಡು ನಾನು ಎಂತ ಮಾಡಲಿ? ಮಕ್ಕಳಿಗೆ ಬಗ್ಗೆಯನ್ನು ಆಡಲಿಕ್ಕೆ ಆಗ್ತದಾ?”

ನಾಟಕದ ತಲೆಬರಹದ ಕೆಳಗೆ ನಾಟಕವೊಂದಿಲ್ಲ. ನಿಯಮದ ಪ್ರಕಾರ ಇದು ಪೂರ್ತಿ ಸರಿ. ಇರುವ ನಾಟಕಗಳನ್ನಾದರೂ ಕಣ್ಣಲ್ಲಿ ನೋಡುವ ಎಂದು ಸಾಹುಕಾರರ ಮತ್ತು ವಕೀಲರ ಕಪಾಟು ತೆರೆಸಿ, ನಾಟಕದ ಹಾಗೆ ಕಂಡದ್ದನ್ನೆಲ್ಲ ಮೇಜಿನ ಮೇಲೆ ರಾಶಿ ಹಾಕಿದೆವು. ಎಷ್ಟೋ ಪುಸ್ತಕಗಳ ರಕ್ಷಾಪುಟದ ಮೇಲೆ “ಸ್ತ್ರೀಪಾತ್ರವಿಲ್ಲದ ನಾಟಕ” ಎಂದು ದೊಡ್ಡದಾಗಿ ಅಚ್ಚಾಗಿತ್ತು. ಊರೂರಿನ ಯುವಕ ಮಂಡಲಗಳಿಗೆ ಅಂಥದ್ದೇ ಬೇಕು. ಹೆಣ್ಣುವೇಷ ಹಾಕಲು ಯಾರೂ ಒಪ್ಪುವುದಿಲ್ಲ, ಒಪ್ಪಿದವನನ್ನು ವರ್ಷವಿಡೀ ಉಳಿದವರು ಗೋಳುಹೊಯ್ದುಕೊಳ್ಳುತ್ತಾರೆ.

“ನೋಡಿ, ಮದುವೆಯ ನಾಟಕ, ಇದರಲ್ಲೂ ಸ್ತ್ರೀಪಾತ್ರ ಇಲ್ಲ,” ಎಂದು ನಾನು ಒಂದನ್ನು ಎತ್ತಿ ತೋರಿಸಿದೆ. “ಮೂರು ಅಂಕ ಮುಗಿದರೂ ಮದುಮಗಳು ಒಳಗೇ ಇರ್ತಾಳೆ.”

“ಅವಳು ಹೊರಗೆ ಬಂದರೆ ಮದುವೆಗೆ ಒಪ್ಪಬೇಕಲ್ಲ, ಅದಕ್ಕೆ,” ಎಂದರು ಐರಿನ್ ಟೀಚರ್. “ಗಂಡಸರು ಇಲ್ಲದ್ದು ಅಂತ ಒಂದರಲ್ಲಾದರೂ ಅಚ್ಚು ಹಾಕಿದ್ದಾರಾ?”

ಹಾಕಿರಲಿಲ್ಲ. ಕೊನೆಯ ಬಸ್ಸಿನ ಹೊತ್ತಾಯಿತೆಂದು ಅವರು ಬರಿಗೈಯಲ್ಲಿ ಎದ್ದರು. ಮೆಟ್ಟಿಲಲ್ಲಿ ಕೊಡೆಯ ತುದಿ ಒಂದೊಂದಾಗಿ ಟಕ್ಕೆನ್ನುತ್ತ ಇಳಿದದ್ದು ನನಗೆ ಅಷ್ಟು ಹಿತವಾಗಿ ಕೇಳಿಸಲಿಲ್ಲ.

ಸೋಮವಾರದಿಂದ ನಾನು ಹೊಸ ಕಾರ್ಡು ಬರೆಯತೊಡಗಿದೆ. ತಲೆಯ ಮೇಲೆ ಯಾವುದರ ಬಗ್ಗೆ ಎಂದಲ್ಲ, ಇದು ಎಂತದ್ದು ಎಂದು: ನಾಟಕ, ಪತ್ತೇದಾರಿ ಕಾದಂಬರಿ, ಪ್ರಸಂಗ, ಪ್ರವಾಸದ ಕಥೆ, ಹಾಡಿನ ಪುಸ್ತಕ. ನಾಟಕವಾದರೆ ಅದರ ಕೆಳಗೆ ಗಂಡೆಷ್ಟು, ಹೆಣ್ಣೆಷ್ಟು, ಎಷ್ಟು ಹೊತ್ತಿನದು, ಒಂದೇ ಪರದೆಯಲ್ಲಿ ಮುಗಿಯುತ್ತದೆಯೇ ಎಂದು. ಮದರಾಸಿನ ಮೇಷ್ಟ್ರು ನೋಡಿದ್ದರೆ ಕನ್ನಡಕ ತೆಗೆದು ಒರೆಸುತ್ತಿದ್ದರು, ಅದು ಅವರ ಕೋಪದ ಲಕ್ಷಣ. ಸಂಜೀವಣ್ಣನಿಗೆ ಬೇರೆ ಚಿಂತೆ.

“ಒಂದೇ ಸೆಳೆಖಾನೆಯಲ್ಲಿ ವಕೀಲರದ್ದೂ ಸಾಹುಕಾರರದ್ದೂ ಒಟ್ಟಿಗೆ ಕೂತರೆ ಅಳಿಯ ಬಂದು ಗಲಾಟೆ ಮಾಡುವುದಿಲ್ಲವಾ ಅಕ್ಕಾ?”

“ಕೂರುವುದು ಕಾರ್ಡು ಸಂಜೀವಣ್ಣ. ಪುಸ್ತಕ ಅವರವರ ಮನೆಯಲ್ಲೇ ಉಂಟು.”

“ಹಾಗಾದರೆ ಸರಿ. ಹೊರಗೆ ಸೇರಿದರೆ ಮನೆಯವರಿಗೆ ಗೊತ್ತಾಗುವುದಿಲ್ಲ.”

ಎರಡು ಕಪಾಟು ಮುಗಿದರೂ ಗಂಡಸರಿಲ್ಲದ ನಾಟಕ ಸಿಕ್ಕಲಿಲ್ಲ. ಶುಕ್ರವಾರ ಡಾಕ್ಟರರ ಕಪಾಟಿನ ಬೀಗ ತೆಗೆ ಎಂದೆ.

“ಅದರಲ್ಲಿ ನಾಟಕವಾ? ಅದರಲ್ಲಿ ಹೊಟ್ಟೆನೋವು ಮಾತ್ರ,” ಎಂದ ಸಂಜೀವಣ್ಣ. ನನಗೂ ನಂಬಿಕೆ ಇರಲಿಲ್ಲ. ಆದರೆ ಪ್ರಶ್ನೆ ಬದಲಾಯಿಸಿದ ಮೇಲೆ ಪ್ರತಿ ಪುಸ್ತಕವನ್ನೂ ಮತ್ತೆ ಕೇಳಲೇಬೇಕು, ಅರ್ಧಕ್ಕೆ ಬಿಡುವುದು ನನ್ನ ಸ್ವಭಾವವಲ್ಲ. ಹೊಟ್ಟೆನೋವು, ಜ್ವರ, ಹಾವಿನ ವಿಷ ಎಲ್ಲ ದಾಟಿದ ಮೇಲೆ ತೆಳ್ಳನೆಯ ಪುಸ್ತಕವೊಂದು ಬಂತು. ಊರೂರಿಗೆ ಹಂಚಲೆಂದು ಅಚ್ಚು ಹಾಕಿಸಿದ್ದು, ಎಳೆಮಗುವಿನ ಆರೈಕೆಯ ಬಗ್ಗೆ. “ಶಿಶುಪಾಲನೆ” ಎಂದು ಅದಕ್ಕೆ ನಾನೇ ಕಾರ್ಡು ಬರೆದಿದ್ದೆ, ಹೆಸರು ನೋಡಿ, ಹಿಂಬದಿ ನೋಡಿ, ತಪ್ಪಿಲ್ಲದೆ. ಈಗ ಒಳಗೆ ತೆರೆದರೆ ಮೊದಲ ಸಾಲು ಹೀಗಿತ್ತು: ಬಾಣಂತಿಯ ಕೋಣೆ. ಅತ್ತೆ ಗೊಣಗುತ್ತ ಬರುತ್ತಾಳೆ.

ನಾನು ನಿಂತೇ ಓದಿದೆ. ಅತ್ತೆ, ಸೊಸೆ, ನರ್ಸಮ್ಮ, ನೆರೆಮನೆಯ ಇಬ್ಬರು. ಮಗುವಿಗೆ ಏನು ಕುಡಿಸಬೇಕು, ಬಾಣಂತಿಗೆ ನೀರು ಕೊಡಬಹುದೇ ಎಂದು ಇಡೀ ಪುಸ್ತಕ ಅವರು ಜಗಳವಾಡುತ್ತಾರೆ. ಅತ್ತೆ ಯಾರ ಮಾತಿಗೂ ಬಗ್ಗುವವಳಲ್ಲ. ಮಾವ ಗದ್ದೆಗೆ ಹೋಗಿದ್ದಾನೆ, ಗಂಡ ಪೇಟೆಗೆ ಹೋಗಿದ್ದಾನೆ, ಇಬ್ಬರೂ ಕೊನೆಯವರೆಗೆ ಬರುವುದಿಲ್ಲ. ಆರೋಗ್ಯ ಕಲಿಸಲು ಹೊರಟವರು ಗಂಡಸರಿಗೆ ಇದರಲ್ಲಿ ಕೆಲಸವಿಲ್ಲವೆಂದು ಹೊರಗೆ ಕಳಿಸಿಬಿಟ್ಟಿದ್ದರು. ಹೊಸ ಕಾರ್ಡು ತೆಗೆದು “ನಾಟಕ” ಎಂದು ಬರೆದೆ. “ಗಂಡು ಪಾತ್ರವಿಲ್ಲ” ಎಂದು ಬರೆಯುವ ಮೊದಲು ಅಭ್ಯಾಸಬಲದಿಂದ ಪಾತ್ರಗಳ ಪಟ್ಟಿ ನೋಡಿದೆ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇತ್ತು: ಮಗು, ಗಂಡು.

ಶನಿವಾರ ಐರಿನ್ ಟೀಚರ್ ಪುಸ್ತಕವನ್ನು ಎದೆಗೆ ಒತ್ತಿಕೊಂಡರು. ಮಗುವಿನ ಸಂಗತಿ ಹೇಳಿದೆ.

“ಅದು ಬಟ್ಟೆಯ ಗಂಟು ಮಾರಾಯ್ತಿ. ತೊಟ್ಟಿಲಲ್ಲಿ ಇರ್ತದೆ. ಅದನ್ನೂ ಕಾರ್ಡಿನಲ್ಲಿ ಬರೆಯಬೇಕಾ?”

“ಬರೆಯಬೇಕು.”

“ಹಾಗಾದರೆ ಮಗುವನ್ನು ಹೆಣ್ಣು ಮಾಡುವ.”

“ಮಾಡಬಹುದು. ಅತ್ತೆಗೆ ಮೊದಲ ಪುಟದಲ್ಲಿ ಇರುವ ಸಂತೋಷವನ್ನೆಲ್ಲ ಆಗ ತೆಗೆಯಬೇಕಾಗ್ತದೆ.”

ಅವರು ಓದಿ ನೋಡಿ ತಲೆಯಾಡಿಸಿದರು. ಕೊನೆಗೆ ನಾನು ಬರೆದದ್ದು: ಹೆಣ್ಣು ಐದು, ತೊಟ್ಟಿಲ ಗಂಡುಮಗು ಒಂದು, ಮಾತಿಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. ಲೈಬ್ರೆರಿಯಲ್ಲಿ ಅಂಥದ್ದೊಂದು ಸಿಕ್ಕಿದೆ ಎಂದು ಕೇಳಿ ಮ್ಯಾನೇಜರರು ತಾವೇ ಪರೀಕ್ಷಿಸಲು ಬಂದರು. ಐರಿನ್ ಟೀಚರ್ ಹಿಂದೆಯೇ ಬಂದರು. ಮ್ಯಾನೇಜರರು ಮೇಜಿನ ತುದಿಯಲ್ಲಿ ಕೂತು ಮೊದಲು ಕಾರ್ಡನ್ನು, ಮತ್ತೆ ಪುಸ್ತಕವನ್ನು ಕೇಳಿ ತೆಗೆದುಕೊಂಡರು. ಒಂದೊಂದಾಗಿ ಪುಟ ತಿರುವಿದರು.

“ಬಾಣಂತನದ ಮಾತು ಶಾಲೆಯ ಹುಡುಗಿಯರಿಗೆ ಯಾಕೆ?” ಎಂದರು.

“ಮನೆಯಲ್ಲಿ ತಮ್ಮಂದಿರನ್ನು ಸೊಂಟದಲ್ಲಿ ಎತ್ತಿಕೊಂಡು ತಿರುಗುವವರು ಇವರೇ ಅಲ್ಲವಾ ಧಣೀ,” ಎಂದರು ಐರಿನ್ ಟೀಚರ್. “ಅವರಿಗೆ ನಾವು ಕಲಿಸುವಂಥದ್ದು ಇದರಲ್ಲಿ ಎಂತದೂ ಇಲ್ಲ.”

ಮ್ಯಾನೇಜರರು ಮತ್ತೆ ಓದಿದರು. ಅತ್ತೆಯ ಒಂದು ಮಾತಿಗೆ ಅವರ ಮೂಗಿನಿಂದ ನಗೆಯಂಥದ್ದು ಹೊರಟಿತು. “ಇವಳು ಸಾಕ್ಷಾತ್ ನನ್ನ ದೊಡ್ಡಕ್ಕ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅನಂತರ ಕಾರ್ಡಿನ ಮೇಲೆ ಬೆರಳಿಟ್ಟು ನನ್ನತ್ತ ನೋಡಿದರು.

“ಗಂಡುಮಗು ಅಂತ ಉಂಟಲ್ಲ?”

ಐರಿನ್ ಟೀಚರ್ ಕೊಡೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬರೆಯದಿದ್ದರೆ ಆಗುತ್ತಿರಲಿಲ್ಲವೇ ಎಂದು ಆ ಹಿಡಿತವೇ ನನಗೆ ಹೇಳುತ್ತಿತ್ತು.

“ಉಂಟು,” ಎಂದೆ. “ಮಾತಿಲ್ಲ.”

ಮ್ಯಾನೇಜರರು ಕಾರ್ಡನ್ನು ನನ್ನ ಕೈಗೆ ಕೊಟ್ಟರು. “ಮಾತಾಡದ ಗಂಡಸಿನಿಂದ ಯಾರಿಗೂ ಉಪದ್ರ ಇಲ್ಲ. ಇರಲಿ.”

ವಾರ್ಷಿಕೋತ್ಸವಕ್ಕೆ ನಾನೂ ಹೋಗಿದ್ದೆ. ನಾನು ಸಾಮಾನ್ಯವಾಗಿ ಜನ ಸೇರುವಲ್ಲಿ ಹೋಗುವವಳಲ್ಲ, ಹಾಗಾಗಿ ಪರದೆಯ ಬದಿಯಲ್ಲಿ, ಐರಿನ್ ಟೀಚರ ಪಕ್ಕದಲ್ಲಿ ನಿಂತೆ. ಅತ್ತೆಯಾಗಿದ್ದವಳು ಸುಶೀಲಾ ಎಂಬ ಕಡ್ಡಿಯಂಥ ಹುಡುಗಿ. ಸ್ವಲ್ಪ ಹೊತ್ತು ಪುಸ್ತಕದ ಕನ್ನಡದಲ್ಲಿ ಬೈದಳು. ಆಮೇಲೆ ಮಾತು ಮರೆತುಹೋಯಿತೋ ಸಾಲದಾಯಿತೋ, ತುಳುವಿನಲ್ಲಿ ಶುರು ಮಾಡಿದಳು. ಅದು ಅವಳ ಮನೆಯ ಅಜ್ಜಿಯ ಬೈಗುಳವೆಂದು ಸಭೆಯಲ್ಲಿದ್ದ ಹೆಂಗಸರಿಗೆ ಕೂಡಲೇ ಗೊತ್ತಾಯಿತು. ಅಜ್ಜಿಯೂ ಅಲ್ಲೇ ಇದ್ದರು. ನಗು ಹಿಂದಿನ ಬೆಂಚುಗಳವರೆಗೆ ಹೋಗಿ ತಿರುಗಿ ಬರುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಮ್ಯಾನೇಜರರು ಎದ್ದು ನಿಂತರು.

ಐರಿನ್ ಟೀಚರ ಬೆರಳು ನನ್ನ ಮಣಿಕಟ್ಟನ್ನು ಹಿಂಡಿದವು. ರಂಗದ ಮೇಲೆ ಸುಶೀಲಾ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು. ಮ್ಯಾನೇಜರರು ಹಿಂದಕ್ಕೆ ತಿರುಗಿದರು. 

“ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ. ಅವಳು ಹೇಳುವುದು ಕೇಳ್ತಾ ಇಲ್ಲ,” ಎಂದು ಸಭೆಗೆ ಗದರಿ ಕೂತರು.

ಪರದೆ ಸರಿಯಾಗಿ ಕೆಳಗೆ ಬಂತು. ತುದಿಯಲ್ಲಿ ಸ್ವಲ್ಪ ಸಿಕ್ಕಿಹಾಕಿಕೊಂಡಿತು, ಅದನ್ನು ನರ್ಸಮ್ಮ ಎಳೆದು ಬಿಡಿಸಿದಳು.

ಆ ಬೇಸಗೆ ಕಳೆದು ಒಂದು ಮಧ್ಯಾಹ್ನ, ಮರದ ಮೆಟ್ಟಿಲಲ್ಲಿ ಬರಿಗಾಲಿನ ಸದ್ದು. ಸುಶೀಲಾ. ಕಟ್ಟಿದ ಬೀಡಿಯನ್ನು ಪೇಟೆಯ ಅಂಗಡಿಗೆ ಕೊಟ್ಟು, ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಒರಗಿಸಿಕೊಂಡು ಬಂದಿದ್ದಳು. ಬೆರಳ ತುದಿಗಳು ಆಗಲೇ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು.

“ಅಂಥದ್ದು ಇನ್ನೊಂದು ಉಂಟಾ ಟೀಚರೇ?” ಎಂದಳು.

ಹೆಸರಿಲ್ಲ, ಬರೆದವರಿಲ್ಲ, ವಿಷಯವಿಲ್ಲ. ಅಂಥದ್ದು. ನಾನು ಸೆಳೆಖಾನೆ ಎಳೆದೆ. ಹೆಣ್ಣು ಪಾತ್ರ ಮಾತ್ರ ಇರುವ ನಾಟಕಗಳಿಗೆಂದು ಇಟ್ಟಿದ್ದ ಎತ್ತರದ ಗುರುತಿನ ಕಾರ್ಡಿನ ಹಿಂದೆ ಇದ್ದದ್ದು ಅದೊಂದೇ ಕಾರ್ಡು. ತಿರುಗಿಸಿ ಅವಳಿಗೆ ತೋರಿಸಿದೆ.

“ಇದೊಂದೇ ಇರುವುದು.”

“ಅದು ಬಾಯಿಪಾಠ ಬರ್ತದೆ.” ಸ್ವಲ್ಪ ಯೋಚಿಸಿದಳು. “ಹಾಗಾದರೆ ಗಂಡಸರು ಇರುವುದನ್ನೇ ಕೊಡಿ.”

“ಮ್ಯಾನೇಜರರು...”

“ಶಾಲೆ ಬಿಟ್ಟೆನಲ್ಲ ಟೀಚರೇ. ಅವರು ನಮ್ಮ ಜಗಲಿಗೆ ಬರುವುದಿಲ್ಲ. ನಾವು ಆರೇಳು ಜನ ಒಟ್ಟಿಗೆ ಕೂತು ಕಟ್ಟುವುದು. ಒಬ್ಬಳು ಪುಸ್ತಕ ನೋಡಿ ಹೇಳಿಕೊಡ್ತಾಳೆ, ಉಳಿದವರು ಅವರವರ ಪಾಲಿನ ಮಾತು ಹೇಳುವುದು. ಕೆಲಸ ಕೈಗೆ ತಾನೆ, ಬಾಯಿಗೆ ಅಲ್ಲವಲ್ಲ.”

ಸಂಜೀವಣ್ಣ ಸ್ಟೂಲು ಬಿಟ್ಟುಕೊಟ್ಟ. ಅವಳು ಬುಟ್ಟಿಯನ್ನು ಕಾಲ ಬಳಿ ಇಟ್ಟು ಕೂತಳು. ನಾನು ನಾಟಕದ ಸೆಳೆಖಾನೆಯನ್ನು ಪೂರ್ತಿ ಹೊರಗೆಳೆದು ಮೇಜಿನ ಮೇಲೆ ಅವಳ ಮುಂದಿಟ್ಟೆ.

“ಗಂಡು ಪಾತ್ರ ಎಷ್ಟು ಇರಬಹುದು?” ಎಂದು ಕೇಳಿದೆ.

“ಎಷ್ಟು ಬೇಕಾದರೂ ಇರಲಿ,” ಎಂದು ಅವಳು ಮುಂದಕ್ಕೆ ಬಾಗಿದಳು. “ಯುದ್ಧ ಇರುವುದನ್ನು ಮೊದಲು ತೆಗೀರಿ.”